ಬಲಗೆನ್ನೆಯ ಐದು ಬೆರಳು

"ಮುನೇಶನ ಮುಖ ಅಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿದ್ರೆ ಮೆಷಿನ್ನಲ್ಲಿರೋ ಕಪ್ಪು ಇಂಕೆಲ್ಲ ಅವನ ಬಲಗೆನ್ನೆಗೇ ಖಾಲಿಯಾಗುತ್ತೆ ಗುರು. ಆಮೇಲೆ ಗಣೇಶನ ಇಲಿಗೆ ಏನ್ ಬಳಿಯೋದು?"

ಹೀಗೆಂದವನು ಫ್ಲೆಕ್ಸ್ ಅಂಗಡಿಯ ಮುರುಗೇಶ. ಅಂದದ್ದು ಬಾಗಲಗುಂಟೆಯ ನಮ್ಮ ಮುನೇಶ್ವರ ಗೆಳೆಯರ ಬಳಗದ ಕೊಠಡಿಯಲ್ಲಿ, ತುಂಬಿದ ಸಭೆಯಲ್ಲಿ, ಸಮೋಸ ತಿಂದು ಮುಗಿದು ಎಲ್ಲರ ಬಾಯಿಯೂ ನಗುವುದಕ್ಕೆ ಬಿಡುವಾಗಿದ್ದ ಹೊತ್ತಿನಲ್ಲಿ. ಸಮೋಸ ತಿನ್ನುವಾಗ ಅಂದಿದ್ದರೆ ಅರ್ಧ ನಗು ಬಾಯಲ್ಲೇ ಉಳಿಯುತ್ತಿತ್ತು. ಮುರುಗೇಶ ಕಾದು ಹೇಳಿದ.

ನಮ್ಮ ಬಳಗದ ವಿಷಯ ಸ್ವಲ್ಪ ಹೇಳಬೇಕು. ಪ್ರತಿವರ್ಷ ಗಣೇಶನನ್ನು ಕೂರಿಸುತ್ತೇವೆ. ಅದಕ್ಕೂ ಮುಂಚೆ ಅಧ್ಯಕ್ಷನನ್ನು ಆರಿಸುತ್ತೇವೆ. ಅಧ್ಯಕ್ಷನಿಗೆ ಕೆಲಸವೇನೂ ಇಲ್ಲ. ಶಾಲು ಹೊದ್ದು ನಿಲ್ಲಬೇಕು, ಮತ್ತು ಹೆಸರಘಟ್ಟ ರಸ್ತೆಯ ತಿರುವಿನಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಅವನ ಮುಖ ಇರಬೇಕು. ಅದರಲ್ಲಿ ಗಣೇಶ ಮೂಲೆಯಲ್ಲಿರುತ್ತಾನೆ, ಅಧ್ಯಕ್ಷ ನಟ್ಟನಡುವೆ. ಫ್ಲೆಕ್ಸ್ ಹಾಕಕೂಡದೆಂಬ ನಿಯಮ ಇದೆ; ನಿಯಮಕ್ಕೆ ಬೆಲೆ ಕೊಟ್ಟು ನಾವು ಎರಡೇ ಹಾಕುತ್ತೇವೆ.

ಈ ಸಲ ಆ ನಟ್ಟನಡುವಿನ ಜಾಗ ನನಗೆ ಬೇಕಿತ್ತು. ಎದುರಾಳಿ ಒಬ್ಬನೇ, ಮೊಬೈಲ್ ಅಂಗಡಿಯ ವೇಣುಗೋಪಾಲ್. ಗಿರಾಕಿ ಬೈದು ಹೋದರೂ "ಥ್ಯಾಂಕ್ಯೂ ಸರ್, ಮತ್ತೆ ಬನ್ನಿ" ಎನ್ನುವ ಬೆಣ್ಣೆಯಂಥ ಮನುಷ್ಯ. ನಾನು ಗೂಡ್ಸ್ ಗಾಡಿ ಓಡಿಸುವವನು. ಕೋಪ ಬಂದರೆ ನಾನು ಮನುಷ್ಯನಲ್ಲ ಎಂಬುದು ಏರಿಯಾಗೆಲ್ಲ ಗೊತ್ತಿದೆ, ಏಕೆಂದರೆ ಮನೆಮನೆಗೂ ನಾನೇ ಹೇಳಿದ್ದೇನೆ. ಇದುವರೆಗೆ ಯಾರ ಮೇಲೂ ಕೈ ಮಾಡಿಲ್ಲ. ಕೈ ಮಾಡುವ ಪ್ರಸಂಗವೇ ಬರದ ಹಾಗೆ ಆ ಹೆಸರು ನೋಡಿಕೊಂಡಿದೆ. ಮೆರವಣಿಗೆಯ ದಿನ ಪಕ್ಕದ ಬೀದಿಯವರು ಡೀಜೆ ಸೌಂಡ್ ಏರಿಸಿದರೆ ಎದುರು ನಿಲ್ಲಲು ಇಂಥವನೇ ಬೇಕೆಂದು ಬಳಗದ ಅರ್ಧ ಜನ ನಂಬಿದ್ದರು.

ತೊಡಕು ನನ್ನ ಬಲಗೆನ್ನೆಯದು. ಅಲ್ಲಿ ಬಂಗಿನ ಕಪ್ಪು ಕಲೆ ಎದ್ದಿತ್ತು. ಒಂದು ತಟ್ಟೆ ಇಡ್ಲಿಯಗಲ ಅಲ್ಲ, ಸಾಧಾರಣ ಇಡ್ಲಿಯಗಲ. ಎಡಗೆನ್ನೆ ಮದುಮಗನ ಹಾಗಿದ್ದರೆ ಬಲಗೆನ್ನೆ ಅವನ ಮಾವನ ಹಾಗಿತ್ತು.

"ಮುಖ ನೋಡ್ಕೊಂಡು ಮಾತಾಡೋ," ಎಂದೆ ಮುರುಗೇಶನಿಗೆ.

"ಅದನ್ನ ನೋಡ್ಕೊಂಡೇ ಮಾತಾಡ್ತಿರೋದು ಮಗಾ," ಎಂದ.

ಎರಡನೆಯ ನಗು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ನಮ್ಮ ಸಲಹೆಗಾರರು ಅನಂತರಾಜು, ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಯಾವ ವಿಷಯಕ್ಕೂ ನಗದವರು. ಅವರು ಕೂಡ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, "ಆಯ್ಕೆ ಈ ಭಾನುವಾರ ಬೇಡ, ಅದರ ಮುಂದಿನ ಭಾನುವಾರಕ್ಕೆ ಇಟ್ಕೊಳ್ಳಣ. ಅಷ್ಟರಲ್ಲಿ ಮುನೇಶ್ ಮುಖಕ್ಕೆ ಏನಾದ್ರೂ ಹಚ್ಕೊಳ್ಳಲಿ," ಎಂದು ಸಭೆ ಮುಗಿಸಿದರು. ವೇಣುಗೋಪಾಲ್ ಮಾತ್ರ ನಗಲಿಲ್ಲ. ಅವನು ನನ್ನ ಕೆನ್ನೆಯನ್ನು ಮರುಕದಿಂದ ನೋಡಿದ. ಅದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

ಮಾರನೆಯ ದಿನ ಭೀಮನ ಅಮಾವಾಸ್ಯೆ. ಗಾಡಿ ಇಟ್ಟವರಿಗೆ ಅಮಾವಾಸ್ಯೆ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆಯೇ ಗಾಡಿ ತೊಳೆದು, ಹೂವು ಸಿಕ್ಕಿಸಿ, ನಾಲ್ಕು ಚಕ್ರಕ್ಕೂ ನಾಲ್ಕು ನಿಂಬೆಹಣ್ಣು ಇಟ್ಟು, ಒಂದನ್ನು ಗಾಡಿಗೆ ನಿವಾಳಿಸಿ ಹೊರಡಬೇಕು. ನಮ್ಮ ಮನೆಯಲ್ಲಿ ನಿವಾಳಿಸುವ ಅಧಿಕಾರ ಅಜ್ಜಿ ದೊಡ್ಡಮುನಿಯಮ್ಮನದು. ಬಾಗಲಗುಂಟೆ ಊರಾಗಿದ್ದ ಕಾಲದಿಂದಲೂ ಬೀದಿಯ ಮದ್ದೆಲ್ಲ ಅವಳ ಕೈಯಿಂದಲೇ. ಮಕ್ಕಳ ಹೊಟ್ಟೆನೋವು, ಉಳುಕು, ಕಣ್ಣುಗುಳ್ಳೆ, ಏನಿದ್ದರೂ "ದೊಡ್ಡಮುನಿಯಮ್ಮನ ಕೈಗುಣ" ಎಂದು ಬಾಗಿಲಿಗೆ ಬರುತ್ತಿದ್ದರು. ಕೆಲವರಿಗೆ ವಾಸಿಯಾಗುತ್ತಿತ್ತು. ಆಗದವರು ಡಾಕ್ಟರ ಹತ್ತಿರ ಹೋಗಿ ವಾಸಿಮಾಡಿಸಿಕೊಂಡು ಬಂದು ಅಜ್ಜಿಗೆ ಬಾಳೆಹಣ್ಣು ಕೊಡುತ್ತಿದ್ದರು.

ಅಜ್ಜಿ ಬಲಗೈಯಲ್ಲಿ ಉರಿಯುವ ಕರ್ಪೂರದ ತಟ್ಟೆ ಹಿಡಿದು ಗಾಡಿಯ ಮುಂದೆ ನಿಂತಿದ್ದಳು. ಎದುರಿಗೆ ನಾನು.

"ಮೋರೆ ಯಾಕೆ ಇಂಗಿಟ್ಕೊಂಡಿದೀಯ?"

"ಬಂಗು ಅಜ್ಜಿ. ನಿನ್ನೆ ಎಲ್ಲರ ಮುಂದೆ ಮರ್ಯಾದೆ ಹೋಯ್ತು."

"ಬಂಗಾ? ಅದ್ಕ್ಯಾಕೆ ಅಳ್ತೀಯ. ಇತ್ಲಾಗ್ ಬಾ."

ನಿವಾಳಿಸಿದ ನಿಂಬೆಹಣ್ಣನ್ನು ಎಡಗೈಯಲ್ಲೇ ಹಿಸುಕಿದಳು. ರಸ ಅಂಗೈ ತುಂಬ ಹರಡಿ ಬೆರಳ ಸಂದಿಯಿಂದ ಇಳಿಯಿತು. ಆ ಒದ್ದೆ ಅಂಗೈಯನ್ನು ಐದೂ ಬೆರಳು ಅಗಲಿಸಿ ನನ್ನ ಬಲಗೆನ್ನೆಗೆ ಒತ್ತಿ ಹಿಡಿದಳು. ಕರ್ಪೂರ ಉರಿದು ಮುಗಿಯುವವರೆಗೆ ಬಿಡಲಿಲ್ಲ.

"ದಿಷ್ಟಿ ತೆಗ್ದಿರೋ ಅಣ್ಣು. ಬಂಗೂ ಓಗ್ತದೆ, ಬಿದ್ದಿರೋ ಕಣ್ಣೂ ಓಗ್ತದೆ. ತೊಳೀಬೇಡ. ಬಿಸ್ಲಿಗೆ ಒಣಗ್ಲಿ."

ತಂಗಿ ಬಿಂದುಶ್ರೀ ಸ್ಕೂಟರ್ ಒರೆಸುತ್ತ ನಿಂತಿದ್ದಳು. ಯಶವಂತಪುರದಲ್ಲಿ ಬಿ.ಕಾಂ. ಓದುವವಳು, ಮನೆಯಲ್ಲಿ ಓದಿನ ಮಾತು ಅವಳದೇ. "ರೀಲ್ಸಲ್ಲೂ ಇದನ್ನೇ ಹೇಳ್ತಾರಣ್ಣ. ನಿಂಬೆ ನ್ಯಾಚುರಲ್ಲು, ಏನೂ ಆಗಲ್ಲ. ಅಜ್ಜಿ, ನಿಂಗೆ ಟೈಮಿದ್ದಾಗ ನನ್ ಮೊಡವೆ ಕಲೆಗೂ ಹಚ್ಚು," ಎಂದಳು. ಹಳೆ ಕಾಲ, ಹೊಸ ಕಾಲ ಎರಡೂ ಒಪ್ಪಿದ ಮೇಲೆ ನಾನು ಯಾರು ಬೇಡ ಎನ್ನಲು.

ಅವತ್ತಿನ ಲೋಡು ಮಾಕಳಿಯ ಗೋಡೌನಿಗೆ. ಬೆಳಿಗ್ಗೆ ತುಮಕೂರು ರಸ್ತೆಯಲ್ಲಿ ಹೋಗುವಾಗ ಬಿಸಿಲು ಡ್ರೈವರ್ ಕಿಟಕಿಯಿಂದ ಬಲಗೆನ್ನೆಗೆ ಬೀಳುತ್ತದೆ. ಮಧ್ಯಾಹ್ನದ ಮೇಲೆ ವಾಪಸು ಬರುವಾಗ ರಸ್ತೆಯೂ ತಿರುಗಿರುತ್ತದೆ, ಸೂರ್ಯನೂ ತಿರುಗಿರುತ್ತಾನೆ, ಬಿಸಿಲು ಮತ್ತೆ ಅದೇ ಬಲಗೆನ್ನೆಗೆ. ಮಳೆಗಾಲದ ಮೋಡಗಳಿಗೆ ಅವತ್ತು ಅಮಾವಾಸ್ಯೆಯ ರಜ. ಎಂಟನೇ ಮೈಲಿಯ ಜಾಮಿನಲ್ಲಿ ನಿಂತಾಗ ಕೆನ್ನೆ ಚುರುಗುಟ್ಟಿತು. ಮದ್ದು ಕೆಲಸ ಮಾಡುತ್ತಿದೆ ಎಂದು ಸಂತೋಷಪಟ್ಟು ಕೆನ್ನೆಯನ್ನು ಇನ್ನಷ್ಟು ಬಿಸಿಲಿಗೆ ಕೊಟ್ಟೆ.

ಮಾರನೆಯ ದಿನ ಕೆನ್ನೆ ಕೆಂಪಾಯಿತು. ಅದರ ಮಾರನೆಯ ದಿನ ಬೊಬ್ಬೆ ಎದ್ದಿತು. ಬೊಬ್ಬೆ ಇಳಿದ ಮೇಲೆ ಕನ್ನಡಿ ನೋಡಿಕೊಂಡರೆ ಅಲ್ಲಿ ಬಂಗು ಕಾಣಲಿಲ್ಲ. ಕಂಡದ್ದು ಒಂದು ಕೈ. ಅಂಗೈ, ಹೆಬ್ಬೆರಳು, ನಾಲ್ಕು ಬೆರಳು, ಎಲ್ಲವೂ ಕಾಫಿಪುಡಿ ಬಣ್ಣದಲ್ಲಿ, ಯಾರೋ ಈಗ ತಾನೇ ಬಾರಿಸಿ ಹೋದ ಹಾಗೆ ಸ್ಪಷ್ಟವಾಗಿ ಮೂಡಿದ್ದವು.

ಮೊದಲು ನೋಡಿದವಳು ಹಾಲಿನ ಬೂತಿನ ರತ್ನಕ್ಕ. ಪ್ಯಾಕೆಟ್ ಕೊಡಲು ಚಾಚಿದ ಕೈ ಅಲ್ಲೇ ನಿಂತಿತು.

"ಯಾರಪ್ಪ ಅದು?"

"ಯಾರು?"

"ಅದೇ, ಕೊಟ್ಟಿರೋದು."

"ಯಾರೂ ಏನೂ ಕೊಟ್ಟಿಲ್ಲ ರತ್ನಕ್ಕ. ಹಾಲು ಕೊಡಿ."

"ಆಯ್ತಪ್ಪ, ನಾನ್ಯಾಕೆ ಕೇಳ್ಲಿ," ಎಂದಳು. ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ, ಎಲ್ಲರಿಗೂ ಹೇಳಿದಳು. ನಾನು ಹಾಲು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಮುನೇಶನಿಗೆ ಯಾರೋ ಬಾರಿಸಿದ್ದಾರೆಂಬ ಸುದ್ದಿ ನನಗಿಂತ ಮುಂಚೆ ನಮ್ಮ ಬೀದಿ ತಲುಪಿತ್ತು.

ಸಂಜೆಗೆ ಅನಂತರಾಜು ಮನೆಗೇ ಬಂದರು. ನಿವೃತ್ತಿಯಾದ ಮೇಲೆ ಅವರಿಗೆ ಸಿಕ್ಕ ಮೊದಲ ಕೇಸು. ಜಗುಲಿಯ ಮೇಲೆ ನನ್ನನ್ನು ಕೂರಿಸಿ, ಮೊಬೈಲ್ ಟಾರ್ಚ್ ಹಾಕಿ, ಕನ್ನಡಕ ಏರಿಸಿ, ಕೆನ್ನೆಯ ಹತ್ತಿರ ಬೆರಳಿಟ್ಟು ಅಳೆದರು. ಸುತ್ತ ಅರ್ಧ ಬೀದಿ ನಿಂತಿತ್ತು. ಅಜ್ಜಿ ಮಾಗಡಿಯ ನಂಟರ ಮನೆಗೆ ಹೋಗಿದ್ದಳು.

"ಕೈ ಚಿಕ್ಕದು," ಎಂದರು. "ಬಲಗೆನ್ನೆಗೆ ಬಿದ್ದಿದೆ. ಅಂದ್ರೆ ಹಿಂದಿನಿಂದ ಬಂದಿಲ್ಲ, ಎದುರಿಗೆ ನಿಂತು ಎಡಗೈಲಿ ಹೊಡೆದಿರೋದು. ಎದುರಿಗೆ ನಿಂತಿದಾನೆ ಅಂದ್ರೆ ಧೈರ್ಯಸ್ಥ. ಕಿರುಬೆರಳು ನೋಡಿ, ಹೊರಗಡೆಗೆ ಸೊಟ್ಟ ಇದೆ. ಇದು ಗುರುತು."

"ಸಾರ್, ಯಾರೂ ಹೊಡೆದಿಲ್ಲ. ಇದು ನಿಂಬೆಹಣ್ಣು," ಎಂದೆ.

ಅನಂತರಾಜು ಟಾರ್ಚ್ ಆರಿಸಿದರು. "ಮುನೇಶ್, ನನ್ನ ಸರ್ವೀಸಲ್ಲಿ ಹೊಡೆಸಿಕೊಂಡವರು ಬಾತ್‌ರೂಮಲ್ಲಿ ಜಾರಿದೆ ಅಂದಿದಾರೆ, ಬಾಗಿಲು ತಗುಲ್ತು ಅಂದಿದಾರೆ. ನಿಂಬೆಹಣ್ಣು ಅಂದವನು ನೀನೇ ಮೊದಲು. ನಿಂಬೆಹಣ್ಣಿಗೆ ಬೆರಳಿರುತ್ತಾ?"

ಬಂಗು ಹೋಗಲೆಂದು ಅಜ್ಜಿಯಿಂದ ಕೆನ್ನೆಗೆ ರಸ ಹಚ್ಚಿಸಿಕೊಂಡೆ ಎಂದು ಆಗಲೇ ಬಿಡಿಸಿ ಹೇಳಬಹುದಿತ್ತು. ಆದರೆ ಆ ಗುಂಪಿನಲ್ಲಿ ಮುರುಗೇಶ ಇದ್ದ. ಅವನ ಇಂಕಿನ ಮಾತಿಗೆ ಹೆದರಿ ನಾನು ಮುಖಕ್ಕೆ ಸಿಂಗಾರ ಮಾಡಿಸಿಕೊಂಡೆ ಎಂದು ಅವನಿಗೆ ತಿಳಿಯುವುದಕ್ಕಿಂತ ಏಟು ತಿಂದವನಾಗುವುದೇ ಮೇಲು ಎಂದುಕೊಂಡು ಬಾಯಿ ಮುಚ್ಚಿದೆ. ಆ ಕ್ಷಣಕ್ಕೆ ಅದು ಜಾಣತನವಾಗಿ ಕಂಡಿತು.

"ನಮ್ಮ ಏರಿಯಾದಲ್ಲಿ ಎಡಚ ಯಾರು?" ಎಂದು ಯಾರೋ ಕೇಳಿದರು.

ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಮೊಬೈಲ್‌ಗೆ ಗ್ಲಾಸ್ ಅಂಟಿಸುವುದು, ಚಿಲ್ಲರೆ ಕೊಡುವುದು, ನಮಸ್ಕಾರ ಹೇಳಲು ಕೈಯೆತ್ತುವುದು, ಎಲ್ಲವನ್ನೂ ಎಡಗೈಯಲ್ಲೇ ಮಾಡುವವನು ಒಬ್ಬನೇ. ಕೈ ಕೂಡ ಹುಡುಗಿಯರ ಕೈಯಷ್ಟೇ.

"ವೇಣುಗೋಪಾಲಾ? ಛೇ," ಎಂದ ಮುರುಗೇಶ. ಆಮೇಲೆ ಸ್ವಲ್ಪ ಯೋಚಿಸಿ, "ಮೆತ್ತಗಿರೋರೇ ಮಚ್ಚಾ, ಒಂದಿನ ಕೊಟ್ರೆ ಹಿಂಗೆ ಕೊಡೋದು," ಎಂದ.

ಮೊದಲ ದಿನ ವೇಣುಗೋಪಾಲ್ "ಅಯ್ಯೋ ನಾನಲ್ಲ ಸಾರ್, ದೇವರಾಣೆ" ಎಂದನಂತೆ. ಆದರೆ ಅವತ್ತಿನಿಂದ ಅವನ ಅಂಗಡಿ ಮುಂದೆ ಯಾರೂ ಗಾಡಿ ನಿಲ್ಲಿಸಲಿಲ್ಲ. ಎರಡು ವರ್ಷದಿಂದ ನೋ ಪಾರ್ಕಿಂಗ್ ಬೋರ್ಡ್ ಹಾಕಿದರೂ ಆಗದಿದ್ದದ್ದು ಅದು. ಎದುರಿನ ಹೋಟೆಲಿನವನು ಕಾಫಿಯನ್ನು ತಾನೇ ತಂದುಕೊಟ್ಟು ಹೋದ. ಚೌಕಾಸಿ ಮಾಡುವವರು ಹೇಳಿದ ಬೆಲೆ ಕೊಟ್ಟು ಬೇಗ ಬೇಗ ಇಳಿದರು. ಇಷ್ಟಾದ ಮೇಲೆ ಅವನ ಮಾತು ಬದಲಾಯಿತು. ಯಾರು ಕೇಳಿದರೂ ತಲೆ ತಗ್ಗಿಸಿ, "ಹೋಗ್ಲಿ ಬಿಡಿ, ಅದೆಲ್ಲ ಈಗ್ಯಾಕೆ," ಎನ್ನತೊಡಗಿದ. ಆ ಮಾತಿನಲ್ಲಿ ಸುಳ್ಳೂ ಇರಲಿಲ್ಲ, ನಿಜವೂ ಇರಲಿಲ್ಲ. ಸೊಟ್ಟ ಬೆರಳಿನ ಸುದ್ದಿ ಅವನ ಕಿವಿಗೆ ಬಿದ್ದ ಮೇಲೆ ಎಡಗೈ ಕಿರುಬೆರಳಿಗೆ ಬ್ಯಾಂಡೇಜೂ ಬಂತು.

ನನ್ನ ಕೋಪ ನೆತ್ತಿಗೇರಿತು. ನೇರ ಅವನ ಅಂಗಡಿಗೆ ಹೋದೆ. ನನ್ನ ಹಿಂದೆ ಬೀದಿಯೂ ಬಂತು, ಮೊಬೈಲ್ ಎತ್ತಿಕೊಂಡು.

"ಏನೋ ವೇಣು, ನನಗೆ ಹೊಡೆದೆಯಂತೆ?"

ಅವನು ಕೌಂಟರ್ ಮೇಲೆ ಬಾಗಿ ಪಿಸುಗುಟ್ಟಿದ. "ನಾನೆಲ್ಲೂ ಹಂಗಂದಿಲ್ಲ ಮುನೇಶಣ್ಣ. ಜನ ಅಂದ್ಕೊಂಡ್ರೆ ನಾನೇನ್ ಮಾಡ್ಲಿ. ಭಾನುವಾರ ಒಂದ್ ಕಳೀಲಿ, ಆಮೇಲೆ ನೀವೇ ನನಗೆ ಹೊಡೆದ್ರಿ ಅಂತ ಹೇಳ್ಬಿಡಣ."

"ಜೋರಾಗಿ ಹೇಳೋ," ಎಂದೆ.

ಅಷ್ಟರಲ್ಲಿ ಗಿರಾಕಿಯೊಬ್ಬ ಚಾರ್ಜರ್ ಕೇಳಿದ. ಚಾರ್ಜರ್ ನೇತುಹಾಕಿದ್ದು ನನ್ನ ತಲೆಯ ಮೇಲಿನ ಕೊಕ್ಕೆಯಲ್ಲಿ. ವೇಣುಗೋಪಾಲ್ ಅದಕ್ಕೆಂದು ಎಡಗೈ ಎತ್ತಿದ. ಸುಟ್ಟ ಕೆನ್ನೆಗೆ ಗಾಳಿ ತಗುಲಿದರೂ ಉರಿಯುತ್ತಿದ್ದ ಕಾಲ ಅದು. ಕೈ ಬಂದದ್ದು ಕಂಡದ್ದೇ ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೌಂಟರಿನ ಕೆಳಗೆ ಕುಕ್ಕರಿಸಿದೆ.

ಹಿಂದೆ ನಿಂತಿದ್ದ ಬೀದಿ ಒಟ್ಟಾಗಿ ಉಸಿರೆಳೆದುಕೊಂಡಿತು. ಆ ವಿಡಿಯೋ ಅವತ್ತು ಮಧ್ಯಾಹ್ನ ಬಾಗಲಗುಂಟೆ ದಾಟಿತು. ಸಂಜೆ ಕೆಂಪಾಪುರದಿಂದ ಚಿಕ್ಕಮ್ಮ ಫೋನ್ ಮಾಡಿ, "ಅವರ ಮುಂದೆ ಕೂತ್ಕೊಂಡಿದ್ಯಲ್ಲೋ, ಕಾಲು ಹಿಡಿದ್ಯಾ?" ಎಂದು ವಿಚಾರಿಸಿದರು.

ಉರಿ ತಡೆಯಲಾಗದೆ ಕೊನೆಗೆ ದಾಸರಹಳ್ಳಿಯ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಡಾಕ್ಟರ್ ತಸ್ನೀಮ್. ನಾನು ಕೂತ ಕೂಡಲೇ ಕೇಳಿದರು, "ಪೊಲೀಸ್ ಕಂಪ್ಲೇಂಟ್ ಕೊಟ್ಟಿದೀರಾ?"

"ನೀವೂನಾ ಮೇಡಂ," ಎಂದೆ.

ಅವರು ದೀಪ ಎಳೆದುಕೊಂಡು ಹತ್ತಿರದಿಂದ ನೋಡಿದರು. ಮುಖದಲ್ಲಿ ನಗು ಬಂದು ಹೋಯಿತು. "ನಿಂಬೆಹಣ್ಣಾ?"

ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂತು. ಇಡೀ ಬೆಂಗಳೂರಿನಲ್ಲಿ ನನ್ನನ್ನು ನಂಬಿದ ಮೊದಲ ಮನುಷ್ಯರು ಅವರು. ಅಮಾವಾಸ್ಯೆ, ಕರ್ಪೂರ, ಎಡಗೈ, ಮಾಕಳಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ಇದು ಸುಟ್ಟಗಾಯ," ಎಂದರು. "ನಿಂಬೆರಸ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ರೆ ಹಿಂಗೇ ಸುಡುತ್ತೆ. ರಸ ಎಲ್ಲೆಲ್ಲಿ ಹತ್ತಿತ್ತೋ ಅಲ್ಲಷ್ಟೇ. ನಿಮ್ಮ ಅಜ್ಜಿ ಕೈ ಇಟ್ರು, ಕೈ ಬಂತು. ಉಜ್ಜಿದ್ರೆ ಪಟ್ಟೆ ಬರ್ತಿತ್ತು."

"ಆದ್ರೆ ನಿಂಬೆ ನ್ಯಾಚುರಲ್ ಅಂತಾರೆ."

"ಹಾವೂ ನ್ಯಾಚುರಲ್ಲೇ. ನಿಮ್ಮ ಬಂಗು ಬಂದಿರೋದೇ ಆ ಕಿಟಕಿ ಬಿಸಿಲಿಂದ ಇರ್ಬೇಕು. ಅದರ ಮೇಲೆ ನಿಂಬೆ ಹಾಕಿ ಅದೇ ಬಿಸಿಲಿಗೆ ಕೆನ್ನೆ ಕೊಟ್ಟಿದೀರಿ. ಈಗ ನಾನು ಬರೆಯೋ ಮುಲಾಮು ಹಚ್ಚಿ. ಬಿಸಿಲಿಗೆ ಹೋಗೋವಾಗ ಮುಖ ಮುಚ್ಕೊಳ್ಳಿ. ಬೇರೇನೂ ಬೇಡ. ಬೆಳ್ಳುಳ್ಳಿ ಬೇಡ, ಅಡುಗೆ ಸೋಡಾ ಬೇಡ, ಟೂತ್‌ಪೇಸ್ಟ್ ಬೇಡ. ಮೆಡಿಕಲ್ ಸ್ಟೋರಿಗೆ ಹೋಗಿ ಬೆಳ್ಳಗಾಗೋ ಕ್ರೀಮ್ ಕೊಡಿ ಅಂತ ಕೇಳೋದಂತೂ ಬೇಡವೇ ಬೇಡ. ಅಡುಗೆಮನೇಲಿರೋದನ್ನ ತಿನ್ನಿ, ಹಚ್ಕೋಬೇಡಿ."

"ಈ ಕೈ ಯಾವಾಗ ಹೋಗುತ್ತೆ?"

"ನಿಧಾನಕ್ಕೆ ಹೋಗುತ್ತೆ. ತಿಂಗಳುಗಳು ಹಿಡೀಬಹುದು."

"ಭಾನುವಾರ ಮೀಟಿಂಗ್ ಇದೆ ಮೇಡಂ. ಯಾರೂ ಹೊಡೆದಿಲ್ಲ ಅಂತ ಒಂದು ಸರ್ಟಿಫಿಕೇಟ್ ಕೊಡಿ."

ಅವರು ಪೆನ್ನು ಕೆಳಗಿಟ್ಟರು. "ಹೊಡೆದಿದಾರೆ ಅಂತ ಕೇಳ್ಕೊಂಡು ಬರ್ತಾರೆ. ಹೊಡೆದಿಲ್ಲ ಅಂತ ಕೇಳಿದವರು ನೀವೇ. ಹೋಗಿ, ಮನೇಲಿ ಬೇರೆ ಯಾರಿಗೂ ನಿಂಬೆ ಹಚ್ಚದ ಹಾಗೆ ನೋಡ್ಕೊಳ್ಳಿ. ಅದು ಸರ್ಟಿಫಿಕೇಟಿಗಿಂತ ಮುಖ್ಯ."

ಆಗ ನೆನಪಾಯಿತು, ಬಿಂದುಶ್ರೀಯ ಮೊಡವೆ ಕಲೆ.

ಮನೆಗೆ ಬಂದರೆ ಅಜ್ಜಿ ಮಾಗಡಿಯಿಂದ ಬಂದಿದ್ದಳು. ಜೊತೆಯಲ್ಲಿ ಒಂದು ಚೀಲ ನಿಂಬೆಹಣ್ಣು. ರತ್ನಕ್ಕನಿಂದ ಸುದ್ದಿಯೆಲ್ಲ ಕಿವಿಗೆ ಬಿದ್ದಿತ್ತು. ನನ್ನನ್ನು ದೀಪದ ಕೆಳಗೆ ಎಳೆದು ನೋಡಿ ಕೆಂಡವಾದಳು.

"ಎಂಗೆ ಬಾರ್ಸವ್ನೆ ನೋಡು ಪಾಪಿ. ಅವನ ಕೈ ಸೇದೋಗ."

"ಅಜ್ಜಿ, ಯಾರೂ ಬಾರಿಸಿಲ್ಲ. ನಿನ್ನ ನಿಂಬೆಹಣ್ಣು ಸುಟ್ಟಿರೋದು. ಡಾಕ್ಟರೇ ಹೇಳಿದ್ರು."

"ನಿಂಬೆಅಣ್ಣು ಸುಡ್ತದಾ? ಅದು ತಂಪು ಕಣೋ. ಬಂಗು ಎಲ್ಲಿದೆ ತೋರ್ಸು ನೋಡಾಣ."

ತೋರಿಸುವುದೆಲ್ಲಿಂದ. ಕೈಗುರುತಿನ ಕೆಳಗೆ ಬಂಗು ಪೂರ್ತಿ ಮುಚ್ಚಿಹೋಗಿತ್ತು.

"ನೋಡ್ದಾ? ನನ್ ಮದ್ದಿಗೆ ಬಂಗು ಓಯ್ತು. ಅದ್ರ ಮೇಲೆ ಅವನು ಒಡ್ದ. ಅವನು ಒಡ್ದಿದ್ದಕ್ಕೆ ನನ್ ಮದ್ದಿನ ಮೇಲೆ ಯಾಕ್ ಆಕ್ತೀಯ?" ಎಂದಳು. ಆಮೇಲೆ ಒಳಗೆ ಕೂಗಿ ಹೇಳಿದಳು, "ಬಿಂದೂ, ಭಾನ್ವಾರ ಬೆಳಿಗ್ಗೆ ತಲೆಗ್ ನೀರಾಕ್ಕೊಂಡು ಕೂತ್ಕೋ. ಎರಡ್ ಕೆನ್ನೆಗೂ ಅಚ್ತೀನಿ."

"ಹಚ್ಕೊಂಡೇ ಸ್ಕೂಟರಲ್ಲಿ ಫ್ರೆಂಡ್ ಮನೆಗೆ ಹೋಗ್ಬಿಡ್ತೀನಿ ಅಜ್ಜಿ, ಬಿಸಿಲಿಗೆ ಬೇಗ ಒಣಗುತ್ತೆ," ಎಂದಳು ಬಿ.ಕಾಂ.

ನಾನು ತಂಗಿಗೆ ವಿವರಿಸಿದೆ. ಕೂಗಾಡಿದೆ. ಕೂಗಾಡುವವನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ. "ಏಟು ತಿಂದಿದ್ದಕ್ಕೆ ಅಜ್ಜಿ ಮೇಲೆ ಯಾಕಣ್ಣ ರೇಗ್ತೀಯ," ಎಂದು ಒಳಗೆ ಹೋದಳು. ಎರಡು ಕೆನ್ನೆಯ ಮೇಲೂ ಒಂದೊಂದು ಕೈ ಹೊತ್ತು ಕಾಲೇಜಿಗೆ ಹೋಗುವ ತಂಗಿ ನನ್ನ ಕಣ್ಣ ಮುಂದೆ ಬಂದಳು. ಅಣ್ಣ ಹೊಡೆಸಿಕೊಂಡು ಬಂದು ತಂಗಿಯ ಮೇಲೆ ತೀರಿಸಿಕೊಂಡ ಎಂದೇ ಬೀದಿ ತೀರ್ಮಾನಿಸುತ್ತದೆ.

ಉಳಿದದ್ದು ಒಂದೇ ದಾರಿ. ಶನಿವಾರ ಬೆಳಿಗ್ಗೆ ಚೀಲದಲ್ಲಿದ್ದ ನಿಂಬೆಹಣ್ಣನ್ನೆಲ್ಲ ತಂದು ಗಾಡಿಯ ಚಕ್ರಗಳ ಕೆಳಗೆ ಸಾಲಾಗಿ ಸುರಿದು, ಮುಂದೆ ಹಿಂದೆ ಗಾಡಿ ಓಡಿಸಿ ಅಪ್ಪಚ್ಚಿ ಮಾಡಿದೆ. ರತ್ನಕ್ಕ ಬೂತಿನಿಂದ ನೋಡುತ್ತಿದ್ದಳು. ಅಮಾವಾಸ್ಯೆಯಲ್ಲದ ದಿನ ಮುನೇಶ ಒಂದು ಚೀಲ ನಿಂಬೆಹಣ್ಣು ತುಳಿಸಿ ದೃಷ್ಟಿ ತೆಗೆಸಿಕೊಂಡ, ವೇಣುಗೋಪಾಲನಿಗೆ ಅಷ್ಟು ಹೆದರಿದ್ದಾನೆ ಎಂಬ ಸುದ್ದಿಯೂ ಹಾಲಿನ ಜೊತೆ ಮನೆಮನೆಗೆ ಹೋಯಿತು. ಸಂಜೆ ಅಜ್ಜಿ ಸಂತೆಗೆ ಹೋಗಿ ಇನ್ನೊಂದು ಚೀಲ ತಂದಳು. ಅದನ್ನು ತಲೆಯ ಕೆಳಗಿಟ್ಟುಕೊಂಡೇ ಮಲಗಿದಳು.

ಭಾನುವಾರ ಬೆಳಿಗ್ಗೆ ಕೊಠಡಿ ತುಂಬಿತ್ತು. ಹೋಗದಿದ್ದರೆ ಹೆದರಿದ ಎನ್ನುತ್ತಾರೆ, ಹೋದರೆ ಕೆನ್ನೆ ನೋಡುತ್ತಾರೆ. ಹೋದೆ. ಅಜ್ಜಿ ಬಿಂದುವಿನ ತಲೆಸ್ನಾನಕ್ಕೆ ನೀರು ಕಾಯಿಸುತ್ತಿದ್ದಳು. ಆಯ್ಕೆ ಬೇಗ ಮುಗಿಸಿ ಓಡಿಬಂದು ಹೇಗಾದರೂ ತಡೆಯಬೇಕೆಂದು ಕೂತಲ್ಲೇ ಕಾಲು ಕುಣಿಸುತ್ತಿದ್ದೆ. ಅದನ್ನು ಕಂಡವರು ನನ್ನ ಕಾಲು ನಡುಗುತ್ತಿದೆ ಎಂದರು.

ಅನಂತರಾಜು ಎದ್ದರು. "ಅಧ್ಯಕ್ಷನಿಗೆ ಧೈರ್ಯ ಇರಬೇಕು. ಮುನೇಶನ ಕೋಪದ ಬಗ್ಗೆ ಎಲ್ಲರಿಗೂ ಗೊತ್ತು. ಅಂಥ ಮುನೇಶನಿಗೇ ಎದುರು ನಿಂತು ಒಂದು ಕೊಟ್ಟವರು ನಮ್ಮಲ್ಲಿದ್ದಾರೆ ಅಂದ್ರೆ, ಅವರಿಗಿಂತ ಯೋಗ್ಯರು ಬೇಕಾ?"

"ಬೇಡ," ಎಂದಿತು ಸಭೆ.

ವೇಣುಗೋಪಾಲ್ ಬ್ಯಾಂಡೇಜಿನ ಬೆರಳನ್ನು ಎದೆಗಿಟ್ಟುಕೊಂಡು ಎದ್ದ. "ಕೋಪದಲ್ಲಿ ಏನೋ ಆಗಿರುತ್ತೆ. ಮುನೇಶಣ್ಣನ ಮೇಲೆ ನನಗೆ ದ್ವೇಷ ಇಲ್ಲ. ನಾನು ಕ್ಷಮಿಸಿದೀನಿ," ಎಂದ.

ಇದು ಅತಿಯಾಯಿತು. ಹೊಡೆಯದವನು ಹೊಡೆಸಿಕೊಳ್ಳದವನನ್ನು ಕ್ಷಮಿಸುವ ಪದ್ಧತಿ ಯಾವ ಊರಿನಲ್ಲೂ ಇರಲಾರದು. ನಾನು ಎದ್ದೆ. ಮೇಜು ಗುದ್ದಿದೆ. ಸಿಂಗಾರವೋ ಬಂಗಾರವೋ, ಮುರುಗೇಶ ನಗಲಿ, ಬಂಗು ನಿಂಬೆ ಅಜ್ಜಿ ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡಮುನಿಯಮ್ಮ ಕಾಣಿಸಿದಳು. ಕಂಕುಳಲ್ಲಿ ನಿಂಬೆಹಣ್ಣಿನ ಚೀಲ. ಅದನ್ನು ಮನೆಯಲ್ಲಿ ಬಿಟ್ಟರೆ ನಾನು ಏನು ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು. ಹಿಂದೆ ಒದ್ದೆ ತಲೆಯ ಬಿಂದು.

"ಯಾವನೋ ಅವನು ನನ್ ಮೊಮ್ಮಗನ್ನ ಒಡ್ದವನು?"

ಸಭೆಯ ಕಣ್ಣೆಲ್ಲ ವೇಣುಗೋಪಾಲನತ್ತ ಹೋದವು. ಅವನು ಕುರ್ಚಿಯಲ್ಲಿ ಸಣ್ಣಗಾದ.

"ತಾಯಿ ಇಲ್ದಿರೋ ಮಗ ಅಂತ ಕೇಳೋರಿಲ್ಲ ಅಂದ್ಕೊಂಡ್ಯಾ?" ಎನ್ನುತ್ತ ಅಜ್ಜಿ ನೇರ ನನ್ನ ಎದುರಿಗೆ ಬಂದು ನಿಂತಳು. ಚೀಲ ಬಲಗಂಕುಳಲ್ಲೇ ಇತ್ತು. "ನೋಡ್ರಪ್ಪ ಎಲ್ರೂ. ಎಂಗೆ ಬಾರ್ಸವ್ನೆ ನೋಡಿ, ಇಂಗೆ," ಎಂದು ಖಾಲಿಯಿದ್ದ ಎಡಗೈಯನ್ನು ನನ್ನ ಬಲಗೆನ್ನೆಯ ಮೇಲಿಟ್ಟಳು.

ಅಂಗೈ ಅಂಗೈಯ ಮೇಲೆ ಕೂತಿತು. ಹೆಬ್ಬೆರಳು ಹೆಬ್ಬೆರಳಿಗೆ, ನಾಲ್ಕು ಬೆರಳು ನಾಲ್ಕಕ್ಕೆ. ಎಷ್ಟೋ ವರ್ಷದ ಹಿಂದೆ ಒರಳುಕಲ್ಲಿಗೆ ಸಿಕ್ಕಿ ಹೊರಗಡೆಗೆ ಸೊಟ್ಟಗಾದ ಅವಳ ಕಿರುಬೆರಳು ನನ್ನ ಕೆನ್ನೆಯ ಸೊಟ್ಟ ಗುರುತಿನಲ್ಲಿ ಎಳ್ಳಷ್ಟೂ ಆಚೀಚೆಯಾಗದೆ ಮಲಗಿತು.

"ಅಮ್ಮ, ಕೈ ತೆಗೀಬೇಡಿ," ಎಂದರು ಅನಂತರಾಜು. ಟಾರ್ಚ್ ಹಾಕಿ ಬಂದು, ಕನ್ನಡಕ ಏರಿಸಿ ನೋಡಿದರು. ವೇಣುಗೋಪಾಲ್ ಮೇಜಿನ ಕೆಳಗೆ ಬ್ಯಾಂಡೇಜ್ ಬಿಚ್ಚತೊಡಗಿದ್ದ.

"ದೊಡ್ಡಮುನಿಯಮ್ಮ," ಎಂದರು ಅನಂತರಾಜು, ಠಾಣೆಯ ದನಿಯಲ್ಲಿ. "ಇದು ನಿಮ್ಮ ಕೈ."

ಅಜ್ಜಿ ತನ್ನ ಕೈ ನೋಡಿದಳು. ನನ್ನ ಕೆನ್ನೆ ನೋಡಿದಳು. ಕಂಕುಳಿನ ಚೀಲ ಜಾರಿ ಕೈಗೆ ಬಂದಿತ್ತು, ಅದನ್ನೂ ನೋಡಿದಳು. ಆಮೇಲೆ ಬಿಂದುವಿನ ಮುಖ ನೋಡಿದಳು. ಕೆನ್ನೆಯ ಮೇಲಿದ್ದ ಬೆರಳುಗಳು ಸುಟ್ಟ ಜಾಗವನ್ನು ಉಜ್ಜದ ಹಾಗೆ ಮೆಲ್ಲಗೆ ಹಿಂದಕ್ಕೆ ಹೋದವು.

ಬೀದಿಯ ಅರ್ಧ ಜನ ಅವಳ ಮದ್ದು ಕುಡಿದವರು, ಅವಳ ಎಣ್ಣೆ ಹಚ್ಚಿಸಿಕೊಂಡವರು. ಅವರೆಲ್ಲ ಕತ್ತು ಚಾಚಿ ಕಾಯುತ್ತಿದ್ದರು.

ಅಜ್ಜಿ ತಲೆ ಎತ್ತಿದಳು. "ಊಂ. ನಾನೇ ಒಡ್ದೆ," ಎಂದಳು.

"ಮೈ ಗಾಡ್," ಎಂದ ಮುರುಗೇಶ.

"ಯಾಕೆ, ನನ್ ಮೊಮ್ಮಗ, ನಾನ್ ಒಡೀಬಾರ್ದಾ?" ಎಂದು ಚೀಲವನ್ನು ಮೇಜಿನ ಮೇಲೆ ಧೊಪ್ಪನೆ ಇಟ್ಟಳು. "ಬಿಸ್ಲು ಜಾಸ್ತಿ ಅದೆ. ಇಷ್ಟೂ ಸರಬತ್ತು ಮಾಡ್ಕೊಂಡು ಕುಡೀರಿ. ಕುಡಿಯೋದಷ್ಟೇ. ಮೋರೆಗೆ ಅಚ್ಕೊಳ್ಳೋದಲ್ಲ. ಬಿಂದೂ, ನಡಿ ಮನೆಗೆ, ತಲೆ ಒಣಗಿಸ್ಕೋ. ನಿನ್ ಕೆನ್ನೆ ಅಂಗೇ ಚೆನ್ನಾಗಿದೆ."

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅನಂತರಾಜು ಕಾನೂನು ಬಲ್ಲವರು. "ಮುನೇಶನಿಗೆ ಕೊಟ್ಟವರೇ ಅಧ್ಯಕ್ಷರು ಅಂತ ಈಗ ತಾನೇ ಸಭೆ ಒಪ್ಪಿದೆ. ಮಾತು ಮಾತೇ," ಎಂದರು. ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ವೇಣುಗೋಪಾಲ್, ಎರಡೂ ಕೈಯಲ್ಲಿ, ಬ್ಯಾಂಡೇಜಿಲ್ಲದೆ. ಶಾಲು ಅಜ್ಜಿಯ ಹೆಗಲಿಗೆ ಬಂತು. ಮುರುಗೇಶ ಮೊಬೈಲ್ ಎತ್ತಿ ಫ್ಲೆಕ್ಸಿಗೆ ಫೋಟೋ ತೆಗೆದ. ಅಜ್ಜಿಯ ಕೆನ್ನೆಯಲ್ಲಿ ನನ್ನದಕ್ಕಿಂತ ದೊಡ್ಡ ಬಂಗಿದೆ, ಗೆರೆಗಳಂತೂ ಲೆಕ್ಕಕ್ಕಿಲ್ಲ. "ಇದಕ್ಕೆ ಏನೂ ಟಚ್ ಮಾಡಲ್ಲ ಅಜ್ಜಿ, ಹಿಂಗೇ ಹಾಕ್ತೀನಿ," ಎಂದ. ಇಂಕಿನ ಮಾತು ಎತ್ತಲಿಲ್ಲ.

ಫೋಟೋ ಮುಗಿಸಿ ಅವನು ನನ್ನ ಕಡೆ ತಿರುಗಿದ. ಸರಬತ್ತಿಗೆ ಇನ್ನೂ ಹೊತ್ತಿತ್ತು, ಎಲ್ಲರ ಬಾಯಿಯೂ ಬಿಡುವಾಗಿತ್ತು.

"ಅಲ್ಲ ಮಗಾ, ಇಷ್ಟ್ ದೊಡ್ಡ ರೌಡಿಗೆ ಅಜ್ಜಿ ಕೈಲಿ ಏಟಾ? ಏನ್ ತಪ್ಪು ಮಾಡಿದ್ಯೋ, ಯಾಕ್ ಹೊಡೆದ್ರೋ ನಿಂಗೆ?"

ಇಡೀ ಕೊಠಡಿ ನನ್ನ ಕಡೆ ತಿರುಗಿತು. ಉತ್ತರ ನನ್ನ ಬಾಯಲ್ಲೇ ಇತ್ತು. ಡಾಕ್ಟರ್ ಹೇಳಿದ್ದು ಪೂರ್ತಿ ನೆನಪಿತ್ತು. ಒಂದೇ ಮಾತಿಗೆ ನನ್ನ ಮರ್ಯಾದೆ ವಾಪಸು ಬರುತ್ತಿತ್ತು, ಮುರುಗೇಶನ ಬಾಯಿ ಮುಚ್ಚುತ್ತಿತ್ತು.

ಅಜ್ಜಿ ಹೊಸ ಶಾಲಿನ ಅಂಚಿನಲ್ಲಿ ತನ್ನ ಎಡಗೈಯನ್ನು ಒರೆಸಿಕೊಳ್ಳುತ್ತಿದ್ದಳು. ಒಣಗಿದ ಕೈ, ಒರೆಸುವುದಕ್ಕೆ ಏನೂ ಇರಲಿಲ್ಲ. ಆದರೂ ಬೆರಳು ಬೆರಳನ್ನೂ ಒರೆಸುತ್ತ ನನ್ನನ್ನೇ ನೋಡುತ್ತಿದ್ದಳು.

ನಾನು ಹೆಗಲ ಮೇಲಿನ ಟವೆಲನ್ನು ಬಲಗೆನ್ನೆಯ ಮೇಲೆ ಎಳೆದುಕೊಂಡು, ಬಾಗಿಲು ದಾಟಿ, ಬಿಸಿಲಿನಲ್ಲಿ ನನ್ನ ಗಾಡಿಯ ಕಡೆ ನಡೆದೆ.